ಕುಂಬಾರ ಕಪ್ಪೆಯ ಚಿತ್ರ ನಾನು ಬಿಡಿಸಿದ್ದು, ಗೈಡ್‌ನವರು ಎತ್ತಿ ಹಾಕಿಕೊಂಡಿದ್ದಾರೆ. ವಿಜ್ಞಾನದ ಚಿತ್ರಕ್ಕೆ ಕಾಪಿರೈಟ್ ಇಲ್ಲವಾ?

ಗೆರೆಚುಕ್ಕಿ
ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವಳು. ಘಟ್ಟದ ಕಪ್ಪೆ, ಹುಳು, ಗಿಡಗಳನ್ನು ಕಪ್ಪು ಶಾಯಿಯಲ್ಲಿ ಚುಕ್ಕಿ ಇಟ್ಟು ಬಿಡಿಸೋದು ನನ್ನ ಕೆಲಸ. ಮೊನ್ನೆ ತಂಗಿ ಮಗನ ವಿಜ್ಞಾನದ ಗೈಡ್ ತಿರುವುತ್ತಿದ್ದಾಗ ನನ್ನದೇ ಕುಂಬಾರ ಕಪ್ಪೆಯ ಚಿತ್ರ ಕಣ್ಣಿಗೆ ಬಿತ್ತು. ಗೊತ್ತಿಲ್ಲದವರಿಗೆ: 2014ರಲ್ಲಿ ಉತ್ತರ ಕನ್ನಡದ ಕತ್ತಲೆಕಾನಿನಿಂದ ವರದಿಯಾದ ಪ್ರಭೇದ ಇದು, ವೈಜ್ಞಾನಿಕ ಹೆಸರು ನಿಕ್ಟಿಬಾಟ್ರಾಕಸ್ ಕುಂಬಾರ. ಹೆಣ್ಣು ಮೊಟ್ಟೆ ಇಟ್ಟಮೇಲೆ ಗಂಡು ಮುಂಗೈಯಲ್ಲಿ ಕೆಸರು ತೆಗೆದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ನಾನು ಬಿಡಿಸಿದ್ದು ಆ ಕ್ಷಣ.

ಮೂಲೆಯಲ್ಲಿದ್ದ ನನ್ನ ಸಹಿ ಕತ್ತರಿಸಿದ್ದಾರೆ, ಹಿನ್ನೆಲೆಗೆ ಹಸಿರು ಬಣ್ಣ ತುಂಬಿದ್ದಾರೆ. ಎಲ್ಲೂ ಹೆಸರಿಲ್ಲ. ಪ್ರಕಾಶನಕ್ಕೆ ಫೋನ್ ಮಾಡಿದರೆ ಅಲ್ಲಿದ್ದವರು ಹೇಳಿದ್ದು: "ಮೇಡಂ, ಕಪ್ಪೆ ಪ್ರಕೃತಿಯದ್ದು. ಅದು ಕೂರುವ ಭಂಗಿಯೂ ಪ್ರಕೃತಿಯದ್ದೇ. ವಿಜ್ಞಾನದ ಚಿತ್ರಕ್ಕೆ ಕಾಪಿರೈಟ್ ಇರಲ್ಲ, ಅದು ಮಾಹಿತಿ ಅಷ್ಟೇ."

ಇದು ನಿಜವಾ? ಕತೆ, ಕವಿತೆ ಕದ್ದರೆ ಊರೆಲ್ಲ ಗಲಾಟೆಯಾಗುತ್ತದೆ. ರಾತ್ರಿಯೆಲ್ಲ ಹಳ್ಳದಲ್ಲಿ ನಿಂತು ನೋಡಿ, ಬೆರಳ ತುದಿಯ ಆಕಾರ ತಪ್ಪಬಾರದು ಅಂತ ವಿಜ್ಞಾನಿಗಳ ಹತ್ತಿರ ತಿದ್ದಿಸಿಕೊಂಡು ಬಿಡಿಸಿದ ಚಿತ್ರಕ್ಕೆ ಒಡೆಯರೇ ಇಲ್ಲ ಅಂದರೆ ಹೇಗೆ?

ಹಳೇಸೇತುವೆ
ಫೋನಲ್ಲಿ ಮಾತಾಡಬೇಡಿ. ವಕೀಲರ ನೋಟಿಸ್ ಕಳಿಸಿ, ಅಷ್ಟೇ.

ಕರಿಕೋಟು
ಬೆಂಗಳೂರಲ್ಲಿ ವಕೀಲಿ ಮಾಡ್ತೀನಿ. ಅವರು ಹೇಳಿದ್ದು ಶುದ್ಧ ಸುಳ್ಳು. 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 2(ಸಿ) ತೆಗೆದು ನೋಡಿ. ಕಲಾಕೃತಿ ಅಂದರೆ ಏನು ಅಂತ ಪಟ್ಟಿ ಕೊಡುವಾಗ ವರ್ಣಚಿತ್ರ, ಶಿಲ್ಪ, ರೇಖಾಚಿತ್ರ ಅಂತ ಹೇಳಿ, ರೇಖಾಚಿತ್ರದೊಳಗೇ ಡಯಾಗ್ರಾಂ, ನಕ್ಷೆ, ಚಾರ್ಟ್, ಪ್ಲಾನ್ ಎಲ್ಲವನ್ನೂ ಸೇರಿಸಿದೆ. ಅದರಲ್ಲಿ ಕಲಾತ್ಮಕ ಗುಣ ಇದೆಯೋ ಇಲ್ಲವೋ ಅನ್ನೋದು ಲೆಕ್ಕಕ್ಕಿಲ್ಲ ಅಂತಲೂ ಅಲ್ಲೇ ಬರೆದಿದೆ. ಹೃದಯದ ಅಡ್ಡಕೊಯ್ತದ ಚಿತ್ರವೂ ಕಲಾಕೃತಿಯೇ, ಕಪ್ಪೆಯೂ ಕಲಾಕೃತಿಯೇ.

ನೋಂದಣಿ ಮಾಡಿಸಿರಬೇಕು ಅಂತಲೂ ಇಲ್ಲ. ಚಿತ್ರ ಬಿಡಿಸಿ ಮುಗಿಸಿದ ಗಳಿಗೆಯಿಂದ ಹಕ್ಕು ಹುಟ್ಟುತ್ತದೆ. ಕಲಾವಿದರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಉಳಿಯುತ್ತದೆ.

ತಿಮಿಂಗಿಲಬಾಲ
ಕರಿಕೋಟು ಸರ್, "ಶುದ್ಧ ಸುಳ್ಳು" ಅಂತ ಅಷ್ಟು ಸಲೀಸಾಗಿ ಹೇಳೋಕಾಗಲ್ಲ. ಆ ಪ್ರಕಾಶನದವರ ಮಾತಲ್ಲಿ ಅರ್ಧ ನಿಜ ಇದೆ, ಕೋರ್ಟಿಗೆ ಹೋದರೆ ಅವರ ವಕೀಲರು ಅದನ್ನೇ ಹಿಡ್ಕೋತಾರೆ.

ಅಮೆರಿಕದಲ್ಲಿ ಪೀಟರ್ ಫೋಕೆನ್ಸ್ ಅಂತ ಕಡಲ ಸಸ್ತನಿಗಳ ಚಿತ್ರಕಾರ ಇದ್ದಾರೆ. 1979ರಲ್ಲಿ ಎರಡು ಡಾಲ್ಫಿನ್‌ಗಳು ನೀರೊಳಗೆ ಒಂದನ್ನೊಂದು ಅಡ್ಡ ಹಾಯುವ ಚಿತ್ರವನ್ನು ಶಾಯಿಯಲ್ಲಿ ಬಿಡಿಸಿದ್ರು. ಒಂದು ಮೇಲ್ಮುಖ, ಇನ್ನೊಂದು ಅಡ್ಡಕ್ಕೆ. 2011ರಲ್ಲಿ ವೈಲ್ಯಾಂಡ್ ಅನ್ನೋ ದೊಡ್ಡ ಹೆಸರಿನ ಕಲಾವಿದ ಬಣ್ಣದಲ್ಲಿ ಒಂದು ಸಮುದ್ರ ಬಿಡಿಸಿದ. ಅದರಲ್ಲಿ ಮೂರು ಡಾಲ್ಫಿನ್, ಎರಡು ಹೀಗೇ ಅಡ್ಡ ಹಾಯ್ತಾ ಇದ್ದವು. ಫೋಕೆನ್ಸ್ ದಾವೆ ಹಾಕಿದ್ರು, 2018ರಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟಲ್ಲಿ ಸೋತ್ರು. ಡಾಲ್ಫಿನ್‌ಗಳು ಅಡ್ಡ ಹಾಯುವುದನ್ನು ಮೊದಲು ತೋರಿಸಿದ್ದು ಪ್ರಕೃತಿ, ಆ ಕಲ್ಪನೆಯನ್ನು ಯಾವ ಕಲಾವಿದನೂ ತನ್ನದು ಅಂತ ಬೇಲಿ ಹಾಕುವಂತಿಲ್ಲ ಅಂತ ತೀರ್ಪು. ಪಳಗಿಸಿದ ಡಾಲ್ಫಿನ್‌ಗಳನ್ನು ನೋಡಿ ಬಿಡಿಸಿದ ಭಂಗಿ, ಇದು ಸಹಜವಾಗಿ ಸಿಗೋದಲ್ಲ ಅನ್ನುವ ವಾದವೂ ಆಯ್ತು. ತರಬೇತಿ ಕೊಟ್ಟು ಮಾಡಿಸಿದ ಮಾತ್ರಕ್ಕೆ ಅದು ಪ್ರಕೃತಿಯಲ್ಲಿ ಇಲ್ಲ ಅಂತ ಆಗಲ್ಲ ಅಂದುಬಿಟ್ರು.

ಅದಕ್ಕೂ ಮೊದಲು, 2003ರಲ್ಲಿ, ಸಟಾವಾ ಅನ್ನೋ ಗಾಜಿನ ಕಲಾವಿದನ ಕೇಸು. ಗಾಜಿನೊಳಗೆ ಜೆಲ್ಲಿಮೀನು ತೇಲ್ತಾ ಇರೋ ಶಿಲ್ಪ ಮಾಡ್ತಿದ್ದ, ಇನ್ನೊಬ್ಬ ಅದೇ ಥರ ಮಾಡಿ ಮಾರಿದ. ಅಲ್ಲೂ ಅದೇ ಕೋರ್ಟು: ಜೆಲ್ಲಿಮೀನಿನ ಆಕಾರ, ಅದು ಲಂಬವಾಗಿ ತೇಲೋದು, ಹೊಳೆಯೋ ಬಣ್ಣ, ಇದ್ಯಾವುದೂ ಒಬ್ಬನ ಸೊತ್ತಲ್ಲ. ಇಂಥ ಕೃತಿಗೆ ಸಿಗೋ ರಕ್ಷಣೆ ತೆಳು ಅಂತ ಬರೆದ್ರು.

ಗೆರೆಚುಕ್ಕಿ
@ತಿಮಿಂಗಿಲಬಾಲ, ಇದನ್ನು ಓದಿ ಎದೆ ಧಸಕ್ಕೆಂದಿತು. ಆದರೆ ವೈಲ್ಯಾಂಡ್ ಅದನ್ನು ತನ್ನ ಕೈಯಲ್ಲಿ, ಬೇರೆಯಾಗಿ ಬಿಡಿಸಿದ್ದ ಅಲ್ಲವಾ? ಇಲ್ಲಿ ನನ್ನ ಚಿತ್ರವನ್ನೇ ಸ್ಕ್ಯಾನ್ ಮಾಡಿದ್ದಾರೆ. ಕಪ್ಪೆಯ ಹಿಂಗಾಲಿನ ಕೆಳಗೆ ನಾನೊಂದು ಸೀಳಿದ ಎಲೆ ಬಿಡಿಸಿದ್ದೆ, ಆ ಎಲೆ ಹಳ್ಳದಲ್ಲಿ ಇರಲೇ ಇಲ್ಲ, ಚಿತ್ರದ ತೂಕ ಎಡಕ್ಕೆ ಜಾರದ ಹಾಗೆ ನಾನೇ ಸೇರಿಸಿದ್ದು. ಗೈಡ್‌ನಲ್ಲಿ ಆ ಸೀಳೂ ಹಾಗೇ ಇದೆ.

ಕರಿಕೋಟು
ಸರಿಯಾಗಿ ಹಿಡಿದ್ರಿ. ತಿಮಿಂಗಿಲಬಾಲ ಹೇಳಿದ ಎರಡೂ ಕೇಸು ನಿಜ, ಆದರೆ ಅವು ಮತ್ತೊಬ್ಬರು ಹೊಸದಾಗಿ ರಚಿಸಿದ ಕೃತಿಗಳ ಕೇಸು. ಬಾವಿ ನೀರು ಊರಿನದ್ದು, ನೀವು ಸೇದಿಟ್ಟ ಕೊಡ ನಿಮ್ಮದು. ಬೇರೆಯವರು ಹಗ್ಗ ಹಾಕಿ ತಾವೇ ಸೇದಿಕೊಳ್ಳಲಿ, ನಿಮ್ಮ ಕೊಡ ಎತ್ತಿಕೊಂಡು ಹೋಗುವಂತಿಲ್ಲ. ರಕ್ಷಣೆ ತೆಳು ಅಂದರೂ, ಯಥಾವತ್ ನಕಲಿನಿಂದ ಕಾಪಾಡುವಷ್ಟು ಗಟ್ಟಿ ಅಂತ ಆ ತೀರ್ಪುಗಳಿಂದಲೇ ಅರ್ಥವಾಗುತ್ತದೆ. ನಮ್ಮಲ್ಲೂ 1978ರ ಆರ್.ಜಿ. ಆನಂದ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದೇ ಗೆರೆ ಎಳೆದಿದೆ: ವಿಷಯಕ್ಕೆ, ಕಲ್ಪನೆಗೆ ಹಕ್ಕಿಲ್ಲ, ಅದನ್ನು ಹೇಳಿದ ರೀತಿಗೆ ಹಕ್ಕಿದೆ.

ಆ ಸೀಳಿದ ಎಲೆಯನ್ನು ಭದ್ರವಾಗಿ ಇಟ್ಕೊಳ್ಳಿ ಮೇಡಂ. ನಿಮ್ಮ ಕೇಸಿನ ಜೀವ ಅಲ್ಲೇ ಇದೆ.

ನಕ್ಷೆಹುಚ್ಚ
ಎಲೆ ವಿಷಯಕ್ಕೆ ಒಂದು ಉಪಕತೆ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ ನಕ್ಷೆಗಳನ್ನು ಅಲ್ಲಿನ ಆಟೋಮೊಬೈಲ್ ಅಸೋಸಿಯೇಷನ್ ನಕಲು ಮಾಡಿತ್ತು ಅಂತ ದೊಡ್ಡ ವ್ಯಾಜ್ಯ. ರಸ್ತೆ ಇರೋ ಜಾಗ ಎಲ್ಲರಿಗೂ ಒಂದೇ, ಅದರಿಂದ ಕಳವು ಸಾಬೀತಾಗಲ್ಲ. ಆದರೆ ರಸ್ತೆಯನ್ನು ಎಷ್ಟು ಅಗಲಕ್ಕೆ ಎಳೆದಿದ್ದಾರೆ ಅನ್ನೋದು ನಕ್ಷೆಕಾರರ ಆಯ್ಕೆ. ಅಂಥ ಗುರುತುಗಳಿಂದಲೇ ಸಿಕ್ಕಿಬಿದ್ರು. 2001ರಲ್ಲಿ 2 ಕೋಟಿ ಪೌಂಡ್ ಕೊಟ್ಟು ರಾಜಿ.

ಧಾರವಾಡ್‌ಮಾಸ್ತರ
ಅಕ್ಕಾರ, ನಿಮ್ಮ ಸಿಟ್ಟು ನನಗ ತಿಳೀತದ. ಆದ್ರ ಒಂದ ಮಾತ ಕೇಳ್ತೀನಿ, ತಪ್ಪ ತಿಳ್ಕೋಬ್ಯಾಡ್ರಿ. ನಾ ಸರಕಾರಿ ಸಾಲ್ಯಾಗ ವಿಜ್ಞಾನ ಕಲಸಾಂವ. ನಮ್ಮ ಹುಡುಗೂರ ಪುಸ್ತಕದಾಗ ಯಾವದೋ ದೇಶದ ಕಪ್ಪಿ, ಯಾವದೋ ದೇಶದ ಹಕ್ಕಿ ಇರ್ತಾವ. ನಮ್ಮ ಮಲೆನಾಡಿನ ಕಪ್ಪಿ ಚಿತ್ರ ಒಂದ ಗೈಡ್‌ನ್ಯಾಗ ಬಂದದ ಅಂದ್ರ ಹುಡುಗೂರಿಗೆ ಛಲೋನ ಆತಲ್ರಿ? ಪ್ರತಿ ಚಿತ್ರಕ್ಕೂ ರೊಕ್ಕ, ಪರವಾನಿಗಿ ಅಂತ ಕುಂತ್ರ ಕನ್ನಡದಾಗ ವಿಜ್ಞಾನ ಬೆಳ್ಯೂದರ ಹ್ಯಾಂಗ? ಜ್ಞಾನ ಅಂದ್ರ ಹಂಚೂದಲ್ಲೇನ್ರಿ?

ಗೆರೆಚುಕ್ಕಿ
ಸರ್, ನೀವು ನನ್ನ ಚಿತ್ರವನ್ನು ಬೋರ್ಡಿನ ಮೇಲೆ ಬಿಡಿಸಿ ಪಾಠ ಮಾಡಿದರೆ ನನಗೆ ಹಬ್ಬ. ಶಾಲೆಗೆ ದೊಡ್ಡ ಪ್ರಿಂಟ್ ಬೇಕು ಅಂದರೆ ನಾನೇ ಅಂಚೆಯಲ್ಲಿ ಕಳಿಸುತ್ತೇನೆ. ಆದರೆ ಆ ಗೈಡ್‌ನ ಹಿಂಬದಿಯಲ್ಲಿ ಬೆಲೆ ಅಚ್ಚಾಗಿದೆ. ಬರೆದವರಿಗೆ, ಅಚ್ಚು ಹಾಕಿದವರಿಗೆ, ಅಂಗಡಿಯವರಿಗೆ ಎಲ್ಲರಿಗೂ ಪಾಲಿದೆ. ಚಿತ್ರ ಬಿಡಿಸಿದವಳು ಮಾತ್ರ ಜ್ಞಾನದಾನ ಮಾಡಬೇಕು ಅನ್ನೋದು ಯಾವ ನ್ಯಾಯ ಸರ್?

ಕರಿಕೋಟು
ಮಾಸ್ತರರ ಆತಂಕಕ್ಕೆ ಕಾಯ್ದೆಯಲ್ಲೇ ಉತ್ತರ ಇದೆ. ಸೆಕ್ಷನ್ 52(1)(ಐ) ಪ್ರಕಾರ ಶಿಕ್ಷಕರು, ವಿದ್ಯಾರ್ಥಿಗಳು ಪಾಠದ ಭಾಗವಾಗಿ ಯಾವ ಕೃತಿಯನ್ನಾದರೂ ಬಳಸಬಹುದು, ಪ್ರಶ್ನೆಪತ್ರಿಕೆಯಲ್ಲೂ ಹಾಕಬಹುದು. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿ ಕೇಸು ನೆನಪಿದೆಯಲ್ಲ, ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶಕರು ತಮ್ಮ ಪುಸ್ತಕದ ಭಾಗಗಳನ್ನು ಜೆರಾಕ್ಸ್ ಮಾಡಿ ವಿದ್ಯಾರ್ಥಿಗಳಿಗೆ ಮಾರಿದ್ದಕ್ಕೆ 2012ರಲ್ಲಿ ಹಾಕಿದ್ದು? 2016ರಲ್ಲಿ ದೆಹಲಿ ಹೈಕೋರ್ಟು ವಿದ್ಯಾರ್ಥಿಗಳ ಪರ ನಿಂತಿದ್ದು ಇದೇ ಕಲಮಿನ ಬಲದಿಂದ.

ಆದರೆ ಮಾರಾಟದ ಗೈಡ್ ಇದರಡಿ ಬರಲ್ಲ. ಪಠ್ಯ ಸಂಕಲನಗಳಿಗೆ ಇರೋ ಇನ್ನೊಂದು ವಿನಾಯಿತಿ, ಅದರ ಹಿಂದಿನ ಉಪಕಲಮು (ಎಚ್), ಸಾಹಿತ್ಯ ಮತ್ತು ನಾಟಕದ ಚಿಕ್ಕ ಭಾಗಗಳಿಗೆ ಮಾತ್ರ ಅನ್ವಯ. ಚಿತ್ರಗಳ ಮಾತೇ ಅಲ್ಲಿಲ್ಲ.

ಧಾರವಾಡ್‌ಮಾಸ್ತರ
ಸಾಲಿಗೆ ಒಂದ ಕಾಯ್ದೆ, ಗೈಡಿಗೆ ಒಂದ ಅಂದ್ರ ಒಪ್ಪೂಣು. ಆದ್ರ ಹಳ್ಳ್ಯಾಗ ಹುಡುಗೂರು ಓದೂದ ಗೈಡ್ ನೋಡ್ರಿ, ಅದನ್ನ ಮರೀಬ್ಯಾಡ್ರಿ. ಚಿತ್ರ ತಗದ ಒಗದ್ರ ಖೋತಾ ಆಗೂದು ಅವ್ರಿಗೆ.

ಕ್ಯಾಮರಾಕಣ್ಣು
ನಾನೊಂದು ಕಹಿ ಪ್ರಶ್ನೆ ಕೇಳ್ತೀನಿ. ಗೆರೆಚುಕ್ಕಿಯವರೇ, ನೀವು ಆ ಚಿತ್ರ ಬಿಡಿಸಿದ್ದು ಯಾರ ಫೋಟೋ ನೋಡಿ? ನಾವು ಜಿಗಣೆ ಕಚ್ಚಿಸಿಕೊಂಡು ಕಾದು ಫೋಟೋ ತೆಗೀತೀವಿ. ಚಿತ್ರಕಾರರು ಅದನ್ನ ಟ್ರೇಸ್ ಮಾಡಿ, ಮೇಲೆ ಚುಕ್ಕಿ ಇಟ್ಟು, ಕೆಳಗೆ ಸಹಿ ಹಾಕ್ತಾರೆ. ನನ್ನ ಮಂಗಟ್ಟೆ ಹಕ್ಕಿಯ ಫೋಟೋ ಹೀಗೇ ಒಂದು ಕ್ಯಾಲೆಂಡರಿನಲ್ಲಿ "ಮೂಲ ಕಲಾಕೃತಿ" ಅಂತ ಬಂದಿತ್ತು. ರೆಕ್ಕೆಯ ಮುರಿದ ಗರಿ ಕೂಡ ಹಾಗೇ.

ಗೆರೆಚುಕ್ಕಿ
ನ್ಯಾಯವಾದ ಪ್ರಶ್ನೆ. ಸ್ಥಳದಲ್ಲೇ ಪೆನ್ಸಿಲಲ್ಲಿ ಗೀಚಿದ ಪುಸ್ತಕ ನನ್ನ ಹತ್ತಿರ ಇದೆ, ಹಾಳೆಗಳ ಮೇಲೆ ಮಳೆನೀರಿನ ಕಲೆಯೂ ಇದೆ. ಬೆರಳು, ಚರ್ಮದ ಸುಕ್ಕು ನೋಡಿಕೊಳ್ಳಲು ಇಬ್ಬರು ಗೆಳೆಯರ ಫೋಟೋ ಬಳಸಿದೆ, ಕೇಳಿ ಬಳಸಿದ್ದು. ಈ ಚಿತ್ರ ಮೊದಲು ಬಂದ ಪುಸ್ತಿಕೆಯಲ್ಲಿ ಅವರಿಗೆ ಕೃತಜ್ಞತೆ ಅಚ್ಚಾಗಿದೆ. ಒಂದೇ ಫೋಟೋವನ್ನು ಗೆರೆಗೆ ಗೆರೆ ಇಳಿಸೋದು ಕಳ್ಳತನವೇ, ಅದರಲ್ಲಿ ನಾನು ನಿಮ್ಮ ಪಕ್ಷ.

ತಿಮಿಂಗಿಲಬಾಲ
ಸರ್ಕಾರಿ ಕಚೇರಿ ಗೋಡೆಯ ಹುಲಿ ಚಿತ್ರಗಳನ್ನ ನೋಡಿದ್ದೀರಾ? ಅರ್ಧಕ್ಕರ್ಧ ಅಂತರ್ಜಾಲದ ಫೋಟೋಗಳೇ.

ಕುಡ್ಲದವ
ನಾನು ಮಂಗಳೂರಲ್ಲಿ ತುಂಬ ವರ್ಷ ಡಿಟಿಪಿ ಕೆಲಸ ಮಾಡಿದವ ಮಾರಾಯ್ರೆ. ಪ್ರೆಸ್ಸಿನಲ್ಲಿ ಆಗುವುದು ಎಂತ ಅಂತ ಹೇಳ್ತೇನೆ. ಪುಸ್ತಕ ಬರೆಯುವವರು ಮ್ಯಾಟರ್ ಕೊಡ್ತಾರೆ, ನಡುವೆ "ಇಲ್ಲಿ ಕಪ್ಪೆ ಚಿತ್ರ ಹಾಕಿ" ಅಂತ ಬರೆದಿರ್ತಾರೆ. ಯಾವ ಕಪ್ಪೆ, ಎಲ್ಲಿಂದ ಅಂತ ಇಲ್ಲ. ಜೂನ್ ಒಂದಕ್ಕೆ ಪುಸ್ತಕ ಅಂಗಡಿಯಲ್ಲಿ ಇರ್ಬೇಕು. ಆಪರೇಟರ್ ಹುಡುಗ ಗೂಗಲ್ ಮಾಡ್ತಾನೆ, ಸಿಕ್ಕಿದ್ದನ್ನು ಹಾಕ್ತಾನೆ. ವಾಟರ್‌ಮಾರ್ಕ್ ಇದ್ದರೆ ಉಜ್ಜಿ ತೆಗೆಯುವುದು, ಸಹಿ ಇದ್ದರೆ ಕ್ರಾಪ್ ಮಾಡುವುದು. ಅವನಿಗೆ ಪುಟಕ್ಕೆ ಇಷ್ಟು ಅಂತ ಸಂಬಳ, ಚಿತ್ರ ಹುಡುಕಿದ್ದಕ್ಕೆ ಬೇರೆ ದುಡ್ಡಿಲ್ಲ. ಚಿತ್ರದ ಖರ್ಚು ಅಂತ ಒಂದು ಸಾಲು ಬಜೆಟ್ಟಿನಲ್ಲಿ ಇಟ್ಟ ಗೈಡ್ ಪ್ರಕಾಶಕರನ್ನು ನಾನು ಕಂಡದ್ದಿಲ್ಲ. ನೋಟಿಸು ಬಂದಾಗ ಎಲ್ಲರೂ ಆ ಹುಡುಗನ ಕಡೆಗೆ ಕೈ ತೋರಿಸ್ತಾರೆ, ಅದು ನನಗೆ ಭಾರೀ ಬೇಜಾರು.

ಹಲ್ಲಿಪುರಾಣ
ಡೈನೋಸಾರ್ ಲೋಕದಲ್ಲೂ ಇದೇ ಜಗಳ ಆಗಿತ್ತು ಗುರೂ. ಗ್ರೆಗರಿ ಪಾಲ್ ಅಂತ ಒಬ್ಬ ಅಮೆರಿಕನ್ ಚಿತ್ರಕಾರ, ಸಂಶೋಧಕ. ಡೈನೋಸಾರ್‌ಗಳ ಅಸ್ಥಿಪಂಜರವನ್ನು ಕಪ್ಪು ದೇಹರೇಖೆಯೊಳಗೆ ಬಿಳಿ ಮೂಳೆಗಳಾಗಿ, ಓಡುವ ಭಂಗಿಯಲ್ಲಿ ತೋರಿಸೋ ಪದ್ಧತಿ ಜನಪ್ರಿಯ ಆಗಿದ್ದು ಆತನಿಂದ. 1988ರ ಪುಸ್ತಕದಿಂದ ಎಷ್ಟೋ ಜನ ಅದನ್ನೇ ನೋಡಿ ಕಲಿತ್ರು. 2011ರಲ್ಲಿ ಆತ ಬಹಿರಂಗವಾಗಿ ಹೇಳಿದ: ನನ್ನ ಅಸ್ಥಿಚಿತ್ರಗಳನ್ನ ಆಧಾರ ಮಾಡ್ಕೊಂಡು ಕಮರ್ಷಿಯಲ್ ಕೆಲಸ ಮಾಡೋರು ನನಗೆ ಹಣ ಕೊಡಿ, ಇಲ್ಲವಾದ್ರೆ ನಿಮ್ಮದೇ ಸಂಶೋಧನೆ ಮಾಡಿ, ನನ್ನ ಭಂಗಿ ಬಳಸಬೇಡಿ. ದೊಡ್ಡ ಗಲಾಟೆ ಆಯ್ತು.

ನನ್ನ ಪ್ರಕಾರ ಆತನ ನೋವು ನೂರಕ್ಕೆ ನೂರು ನಿಜ. ಮ್ಯೂಸಿಯಂ ಮ್ಯೂಸಿಯಂ ಸುತ್ತಿ ಮೂಳೆ ಅಳತೆ ತಗೊಂಡು, ಇಲ್ಲದ ಮೂಳೆಯನ್ನ ಹತ್ತಿರದ ಸಂಬಂಧಿ ಪ್ರಾಣಿಯಿಂದ ಊಹಿಸಿ ಕೂರಿಸೋದು ಅಂದ್ರೆ ಅದು ಸಂಶೋಧನಾ ಲೇಖನದಷ್ಟೇ ಕೆಲಸ. ಅದರ ಮೇಲೆ ಮಾಂಸ ಚರ್ಮ ತುಂಬಿ ಮಾರೋರು ಕಡಿಮೆ ರೇಟಿಗೆ ಕೊಟ್ಟು ಆತನ ಹೊಟ್ಟೆ ಮೇಲೇ ಹೊಡೆದ್ರು.

ಪಿಎಚ್‌ಡಿಪಯಣ
@ಹಲ್ಲಿಪುರಾಣ ನೋವು ಒಪ್ತೀನಿ, ಬೇಡಿಕೆ ಒಪ್ಪಲ್ಲ. ಮೂಳೆಗಳ ಅಳತೆ ಸತ್ಯಾಂಶ, ಅದಕ್ಕೆ ಯಾರ ಹಕ್ಕೂ ಇಲ್ಲ. ಎಡಗಾಲು ನೆಲ ಒದ್ದು ಓಡೋದು ಭಂಗಿ. ಅದನ್ನ ಒಬ್ಬರಿಗೆ ಬರೆದುಕೊಟ್ಟರೆ ಉಳಿದವರು ಡೈನೋಸಾರ್‌ನ ಕೂರಿಸಿಯೇ ಬಿಡಿಸಬೇಕಾ? ಜೊತೆಗೆ, ಎಲ್ಲಾ ಪ್ರಾಣಿಗಳೂ ಒಂದೇ ಭಂಗಿಯಲ್ಲಿದ್ದರೆ ಹೋಲಿಸಿ ನೋಡೋಕೆ ಸುಲಭ. ವಿಜ್ಞಾನಕ್ಕೆ ಬೇಕಾಗಿರೋದೇ ಅದು.

ಹಲ್ಲಿಪುರಾಣ
ಭಂಗಿ ಬಿಡಪ್ಪ. ಇಲ್ಲದ ಮೂಳೆಯ ಊಹೆ ಇದೆಯಲ್ಲ, ಅದು ಸತ್ಯಾಂಶವಾ? ಸೊಂಟದ ಮಾಂಸ ಎಷ್ಟು ದಪ್ಪ ಅನ್ನೋದು ಯಾವ ಕಲ್ಲಲ್ಲಿ ಬರೆದಿದೆ? ಅದು ಚಿತ್ರಕಾರನ ಬುದ್ಧಿ. ಅದನ್ನೂ ಹಾಗೇ ಎತ್ತಿದರೆ ಆತನ ಅಭಿವ್ಯಕ್ತಿಯನ್ನೇ ಎತ್ತಿದ ಹಾಗೆ.

ಪಿಎಚ್‌ಡಿಪಯಣ
ಊಹೆಯಾದರೂ ಅದು ವೈಜ್ಞಾನಿಕ ಕಲ್ಪನೆ, ಹೈಪಾಥಿಸಿಸ್. ಹೈಪಾಥಿಸಿಸ್‌ಗೆ ಕಾಪಿರೈಟ್ ಕೊಟ್ಟರೆ ಸಂಶೋಧನೆ ನಿಂತೇ ಹೋಗುತ್ತೆ. ಅದಕ್ಕೆ ಕೊಡಬೇಕಾದದ್ದು ಉಲ್ಲೇಖ, ಸೈಟೇಷನ್. ಎರಡೂ ಬೇರೆ.

ನಮ್ಮ ಕಡೆಯ ಸಂಕಟ ಇನ್ನೂ ವಿಚಿತ್ರ. ನಾನೇ ಬಿಡಿಸಿದ ಚಿತ್ರವನ್ನ ಜರ್ನಲ್‌ಗೆ ಕೊಡುವಾಗ ಹಕ್ಕು ವರ್ಗಾವಣೆ ಪತ್ರಕ್ಕೆ ಸಹಿ ಹಾಕಿಸ್ಕೋತಾರೆ. ಆಮೇಲೆ ಅದೇ ಚಿತ್ರವನ್ನ ಇನ್ನೊಂದು ಲೇಖನದಲ್ಲಿ ಹಾಕಬೇಕಂದ್ರೆ ಪ್ರಕಾಶಕರ ಅನುಮತಿ ಕೇಳಬೇಕು. 2007ರಲ್ಲಿ ಅಮೆರಿಕದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ತನ್ನ ಬರಹದಲ್ಲಿ ಒಂದು ಲೇಖನದ ಗ್ರಾಫ್ ಹಾಕಿದ್ದಕ್ಕೆ ವೈಲಿ ಪ್ರಕಾಶನದಿಂದ ಕಾನೂನು ಕ್ರಮದ ಬೆದರಿಕೆ ಬಂತು. ಆಕೆ ಆ ಚಿತ್ರ ತೆಗೆದು, ಅದೇ ಅಂಕಿಗಳನ್ನ ಎಕ್ಸೆಲ್‌ಗೆ ಹಾಕಿ ತಾನೇ ಗ್ರಾಫ್ ಮಾಡಿ ಹಾಕಿದಳು. ಅಂಕಿ ಸತ್ಯಾಂಶ, ಅದನ್ನ ತಡೆಯೋಕೆ ಆಗಲ್ಲ. ಕೊನೆಗೆ ಪ್ರಕಾಶನವೇ ಹಿಂದೆ ಸರಿದು ಕ್ಷಮೆ ಕೇಳಿತು.

ನಾಡಿಮಿಡಿತ
ಡಾಕ್ಟರ್ ಆಗಿ ಒಂದು ಹಳೇ ಅನ್ಯಾಯ ಹೇಳ್ಲೇಬೇಕು. ಗ್ರೇಸ್ ಅನಾಟಮಿ ಅನ್ನೋ ಅಂಗರಚನೆಯ ಪಠ್ಯಪುಸ್ತಕ, 1858ರದ್ದು, ಎಲ್ಲರಿಗೂ ಗೊತ್ತು. ಪಠ್ಯ ಹೆನ್ರಿ ಗ್ರೇ ಅವರದ್ದು. ಆದರೆ ಆ ಪುಸ್ತಕ ಅಷ್ಟು ಓಡಿದ್ದು ಚಿತ್ರಗಳಿಂದ, ಅವನ್ನು ಬಿಡಿಸಿದ್ದು ಹೆನ್ರಿ ವ್ಯಾಂಡೈಕ್ ಕಾರ್ಟರ್. ಸ್ನಾಯುವಿನ ಹೆಸರನ್ನು ಆ ಸ್ನಾಯುವಿನ ಮೇಲೇ ಬರೆದಿದ್ದು ಓದುವವರಿಗೆ ಎಂಥ ಉಪಕಾರ ಅಂತ ಎಂಬಿಬಿಎಸ್ ಮಾಡಿದವರನ್ನು ಕೇಳಿ. ಕಾರ್ಟರ್‌ಗೆ ಸಿಕ್ಕಿದ್ದು ಒಂದೇ ಬಾರಿಗೆ 150 ಪೌಂಡ್. ಗ್ರೇಗೆ ಪ್ರತಿ ಸಾವಿರ ಪ್ರತಿಗೆ 150 ಪೌಂಡ್ ರಾಯಲ್ಟಿ. ಅದೂ ಸಾಲದೆ ಶೀರ್ಷಿಕೆ ಪುಟದ ಪ್ರೂಫ್ ಬಂದಾಗ ಕಾರ್ಟರ್ ಹೆಸರನ್ನು ಸಣ್ಣ ಅಕ್ಷರಕ್ಕೆ ಇಳಿಸಿ ಅಂತ ಗ್ರೇ ತಿದ್ದುಪಡಿ ಹಾಕಿದರು.

ಆ ಕಾರ್ಟರ್ ಆಮೇಲೆ ಬಂದಿದ್ದು ನಮ್ಮ ದೇಶಕ್ಕೇ. ಬಾಂಬೆಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿದರು, ಕುಷ್ಠರೋಗದ ಬಗ್ಗೆ, ಕಾಲಿಗೆ ಬರುವ ಮೈಸೆಟೋಮಾ ರೋಗದ ಬಗ್ಗೆ ದೊಡ್ಡ ಕೆಲಸ ಮಾಡಿದರು. 1888ರವರೆಗೆ ಇಲ್ಲೇ ಇದ್ದರು. ಇವತ್ತಿಗೂ ಪುಸ್ತಕದ ಹೆಸರಲ್ಲಿ ಇರೋದು ಗ್ರೇ ಒಬ್ಬರೇ.

ಕ್ಯಾಮರಾಕಣ್ಣು
ಇದು ಗೊತ್ತೇ ಇರಲಿಲ್ಲ ಡಾಕ್ಟ್ರೇ. ಹೊಟ್ಟೆ ಉರೀತಿದೆ.

ಕೆಳದಿಕಾನು
ನಮ್ಮ ಶಿವಮೊಗ್ಗದಲ್ಲೂ ಇಂಥದ್ದಿದೆ. 1840ರ ದಶಕದಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಅನ್ನೋ ವೈದ್ಯಾಧಿಕಾರಿ ಶಿವಮೊಗ್ಗದಲ್ಲಿದ್ದಾಗ ಸ್ಥಳೀಯ ಚಿತ್ರಕಾರರಿಂದ ನಮ್ಮ ಗಿಡಗಳ ಚಿತ್ರ ಬರೆಸಿದ. ಅವೆಲ್ಲ ಈಗ ಎಡಿನ್‌ಬರೋ ಸಸ್ಯೋದ್ಯಾನದಲ್ಲಿವೆ, ಕರೆಯೋದು ಕ್ಲೆಗ್‌ಹಾರ್ನ್ ಸಂಗ್ರಹ ಅಂತ. ಬರೆದವರ ಹೆಸರಲ್ಲಿ ಅಲ್ಲ. ಮದರಾಸಿನಲ್ಲಿದ್ದ ಸಸ್ಯವಿಜ್ಞಾನಿ ರಾಬರ್ಟ್ ವೈಟ್ ಸ್ವಲ್ಪ ವಾಸಿ. ತನಗೆ ಚಿತ್ರ ಬರೆದುಕೊಟ್ಟ ರಂಗಯ್ಯ, ಗೋವಿಂದು ಇಬ್ಬರ ಹೆಸರೂ ದಾಖಲಾಗುವ ಹಾಗೆ ನೋಡಿಕೊಂಡ, ಒಂದು ಆರ್ಕಿಡ್ ಕುಲಕ್ಕೆ ಗೋವಿಂದೂಯಿಯಾ ಅಂತಲೇ ಹೆಸರಿಟ್ಟ. ಈಗ ಆ ಕುಲವನ್ನು ಬೇರೆ ಕುಲದೊಳಗೆ ಸೇರಿಸಿದ್ದಾರೆ, ಅದು ಬೇರೆ ಮಾತು.

ಬಿಟ್‌ಬೈಟ್
ಇಷ್ಟೆಲ್ಲ ಯಾಕೆ? ಇನ್ನು ಮುಂದೆ ಎಐಗೆ ಹೇಳಿದ್ರೆ ಯಾವ ಕಪ್ಪೆ ಬೇಕಾದ್ರೂ ಬಿಡಿಸಿಕೊಡುತ್ತೆ. ಗೈಡ್‌ನವರಿಗೂ ತಲೆನೋವಿಲ್ಲ.

ನಾಡಿಮಿಡಿತ
2024ರ ಫೆಬ್ರವರಿಯಲ್ಲಿ ಫ್ರಾಂಟಿಯರ್ಸ್ ಜರ್ನಲ್ ಒಂದರಲ್ಲಿ ಮಿಡ್‌ಜರ್ನಿ ಅನ್ನೋ ಎಐಯಿಂದ ಮಾಡಿಸಿದ ಇಲಿಯ ಚಿತ್ರ ಅಚ್ಚಾಯಿತು. ಜನನಾಂಗ ಇಲಿಗಿಂತ ದೊಡ್ಡದು, ಪಕ್ಕದಲ್ಲಿ ಯಾವ ಭಾಷೆಯಲ್ಲೂ ಇಲ್ಲದ ಪದಗಳು. ಕೆಲವೇ ದಿನದಲ್ಲಿ ಲೇಖನ ವಾಪಸ್ ತಗೊಂಡರು. ಕಪ್ಪೆಗೆ ಎಷ್ಟು ಬೆರಳು ಅಂತ ಅದಕ್ಕೆ ಗೊತ್ತಿಲ್ಲ ಸ್ವಾಮಿ, ಮಕ್ಕಳ ಪುಸ್ತಕಕ್ಕೆ ಅದನ್ನ ತರಬೇಡಿ.

ಗೆರೆಚುಕ್ಕಿ
ಎಐ ಕಲಿತದ್ದೂ ನಮ್ಮಂಥವರ ಚಿತ್ರ ನೋಡಿಯೇ, ಯಾರನ್ನೂ ಕೇಳದೆ. ಆ ಚರ್ಚೆಗೆ ಬೇರೆ ಪೋಸ್ಟ್ ಹಾಕೋಣ ದಯವಿಟ್ಟು.

ಹೊಸ ಸುದ್ದಿ: ಪ್ರಕಾಶನದವರು ಇಂದು ಮೇಲ್ ಮಾಡಿದ್ದಾರೆ. ಮೂಲ ಪುಸ್ತಿಕೆ ಹೊರತಂದ ಪರಿಸರ ಸಂಸ್ಥೆಯವರನ್ನು "ಕೇಳಿಯೇ ಹಾಕಿದ್ದೇವೆ" ಅಂತ ಈಗ ಹೊಸ ವರಸೆ. ಆ ಸಂಸ್ಥೆಗಾಗಿ ನಾನು ಚಿತ್ರ ಬಿಡಿಸಿದ್ದು ಹೌದು. ಲಿಖಿತ ಒಪ್ಪಂದ ಇಲ್ಲ. ಶಾಯಿ, ಕಾಗದ, ಬಸ್ ಚಾರ್ಜು ಕೊಟ್ಟಿದ್ದರು. ಪುಸ್ತಿಕೆಯ ಎರಡನೇ ಪುಟದಲ್ಲಿ "ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ" ಅಂತಿದೆ, ಯಾರ ಹಕ್ಕು ಅಂತ ಇಲ್ಲ.

ಕರಿಕೋಟು
ಮೇಡಂ, ಇದನ್ನ ಮೊದಲೇ ಹೇಳಬೇಕಿತ್ತು! ಈಗ ಸೆಕ್ಷನ್ 17 ನೋಡಬೇಕು. ಸಂಬಳದ ನೌಕರಿಯಲ್ಲಿದ್ದು ಬಿಡಿಸಿದರೆ ಹಕ್ಕು ಮಾಲೀಕರದ್ದು. ನೀವು ನೌಕರರಲ್ಲ, ಅದು ಅನ್ವಯಿಸಲ್ಲ. ಆದರೆ 17(ಬಿ) ಅಂತ ಒಂದಿದೆ: ಇನ್ನೊಬ್ಬರ ಕೋರಿಕೆ ಮೇರೆಗೆ, ಪ್ರತಿಫಲ ಪಡೆದು ತೆಗೆದ ಫೋಟೋ, ಬಿಡಿಸಿದ ವರ್ಣಚಿತ್ರ ಅಥವಾ ಭಾವಚಿತ್ರ, ಕೆತ್ತನೆ, ಸಿನಿಮಾ, ಇವುಗಳ ಮೊದಲ ಒಡೆತನ ಬೇರೆ ಒಪ್ಪಂದ ಇಲ್ಲದಿದ್ದರೆ ಕೋರಿದವರಿಗೆ ಹೋಗುತ್ತದೆ. ಮದುವೆ ಆಲ್ಬಂ ಕಲಮು ಅಂತಲೇ ಅಂದುಕೊಳ್ಳಿ.

ನನ್ನ ವಾದ ಹೀಗಿರುತ್ತದೆ. 2(ಸಿ)ಯಲ್ಲಿ ವರ್ಣಚಿತ್ರ, ರೇಖಾಚಿತ್ರ ಎರಡನ್ನೂ ಬೇರೆ ಬೇರೆಯಾಗಿ ಹೇಳಿದ ಶಾಸನ, 17(ಬಿ)ಯಲ್ಲಿ ರೇಖಾಚಿತ್ರವನ್ನು ಬಿಟ್ಟಿದೆ. ಶಾಯಿಯ ಚುಕ್ಕಿಚಿತ್ರ ರೇಖಾಚಿತ್ರ, ಹಾಗಾಗಿ ಒಡೆತನ ನಿಮ್ಮದೇ. ಎರಡನೆಯದು, ಬಸ್ ಚಾರ್ಜು ಅಂದರೆ ಖರ್ಚು ತುಂಬಿಕೊಟ್ಟದ್ದು, ಪ್ರತಿಫಲ ಅಲ್ಲ.

ತೀರ್ಪುಗಾರ
ಕರಿಕೋಟು, ಎರಡನೇ ವಾದ ಗಟ್ಟಿ. ಮೊದಲನೆಯದರ ಮೇಲೆ ಭಾರ ಹಾಕಬೇಡಿ. ವರ್ಣಚಿತ್ರ ಅನ್ನೋದನ್ನ ಕೋರ್ಟು ವಿಶಾಲವಾಗಿ ಓದಿದರೆ ಮುಗೀತು. ಅದಕ್ಕಿಂತ ಸೆಕ್ಷನ್ 19 ಹಿಡೀರಿ: ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಲೇಬೇಕು. ಬಾಯಿಮಾತಿನ ವರ್ಗಾವಣೆಗೆ ಬೆಲೆಯಿಲ್ಲ. ಬರವಣಿಗೆಯಲ್ಲಿದ್ದರೂ ಅವಧಿ ಬರೆದಿಲ್ಲ ಅಂದರೆ 5 ವರ್ಷಕ್ಕೆ ಮುಗೀತು.

ಕರಿಕೋಟು
19 ಬರೋದು ಹಕ್ಕು ಮೊದಲು ಇವರದ್ದಾಗಿದ್ದರೆ. 17(ಬಿ) ಅನ್ವಯ ಆದರೆ ವರ್ಗಾವಣೆಯ ಪ್ರಶ್ನೆಯೇ ಏಳಲ್ಲ, ಹುಟ್ಟುವಾಗಲೇ ಹಕ್ಕು ಸಂಸ್ಥೆಯದ್ದು. ಅದಕ್ಕೇ ಮೊದಲು 17ನ್ನು ದಾಟಬೇಕು ಅಂದದ್ದು.

ಏನೇ ಆಗಲಿ, ಒಡೆತನ ಯಾರದ್ದಾದರೂ ಸೆಕ್ಷನ್ 57 ಕಲಾವಿದರ ಕೈಬಿಡಲ್ಲ. ಹಕ್ಕು ಮಾರಿದ ಮೇಲೂ ಕೃತಿ ತನ್ನದು ಅಂತ ಹೇಳಿಕೊಳ್ಳೋ ಹಕ್ಕು, ತನ್ನ ಗೌರವಕ್ಕೆ ಕುಂದು ಬರೋ ಹಾಗೆ ವಿರೂಪ ಮಾಡಿದರೆ ತಡೆಯೋ ಹಕ್ಕು ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದ ಗೋಡೆಗೆ ಅಮರನಾಥ ಸೆಹಗಲ್ ಮಾಡಿದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಸರ್ಕಾರ ಕಿತ್ತು ಗೋದಾಮಿಗೆ ಹಾಕಿತ್ತು. ಹಣ ಕೊಟ್ಟು ಮಾಡಿಸಿದ್ದೇ ಸರ್ಕಾರ. ಆದರೂ 2005ರಲ್ಲಿ ದೆಹಲಿ ಹೈಕೋರ್ಟು ಶಿಲ್ಪವನ್ನು ಕಲಾವಿದರಿಗೆ ವಾಪಸ್ ಕೊಡಿಸಿ 5 ಲಕ್ಷ ಪರಿಹಾರ ಕೊಡಿಸಿತು. ನಿಮ್ಮ ಸಹಿ ಕತ್ತರಿಸಿದ್ದು ನೇರವಾಗಿ ಈ ಕಲಮಿಗೆ ಬರುತ್ತದೆ. ಹಸಿರು ಬಣ್ಣದ್ದು ಅಷ್ಟು ಸುಲಭ ಅಲ್ಲ.

ನೀಲಕುರಿಂಜಿ
ಗೆರೆಚುಕ್ಕಿ ಅಕ್ಕ, ನಾನೂ ಗಿಡಗಳ ಚಿತ್ರ ಬಿಡಿಸ್ತೀನಿ. ಒಂದು ರೆಸಾರ್ಟ್‌ನವರು ನನ್ನ ಚಿತ್ರ ನೋಡಿ ಅಂಗಳದಲ್ಲಿ ಸಿಮೆಂಟಿನ ಆರ್ಕಿಡ್ ಮಾಡಿಸಿದ್ದಾರೆ. ಕೇಳಿದ್ರೆ "ನಾವು ಪ್ರಿಂಟ್ ಹಾಕಿಲ್ವಲ್ಲ" ಅಂತಾರೆ. ಏನೂ ಮಾಡೋಕಾಗಲ್ವಾ?

ತೀರ್ಪುಗಾರ
ಆಗುತ್ತಮ್ಮ. ಸೆಕ್ಷನ್ 14(ಸಿ) ಪ್ರಕಾರ ಚಪ್ಪಟೆ ಚಿತ್ರವನ್ನು ಮೂರು ಆಯಾಮದಲ್ಲಿ ಮಾಡೋ ಹಕ್ಕೂ ಕಲಾವಿದರದ್ದೇ. ಆದರೆ ಮೇಲೆ ಹೇಳಿದ ಜೆಲ್ಲಿಮೀನಿನ ಕತೆ ನೆನಪಿಡು. ಅದು ನಿನ್ನ ಚಿತ್ರದ ಆರ್ಕಿಡ್ಡೋ, ಕಾಡಿನ ಆರ್ಕಿಡ್ಡೋ ಅಂತ ಸಾಬೀತು ಮಾಡಬೇಕಾಗುತ್ತೆ. ಎರಡರ ಫೋಟೋ ಅಕ್ಕಪಕ್ಕ ಇಟ್ಟು ಹೋಲಿಕೆ ಪಟ್ಟಿ ಮಾಡಿಟ್ಟುಕೋ.

ಕುಡ್ಲದವ
ಎಲ್ಲ ಸರಿ, ಕೋರ್ಟಿಗೆ ಹೋಗಲಿಕ್ಕೆ ಅವರ ಹತ್ತಿರ ದುಡ್ಡು ಉಂಟಾ? ಬೆಂಗಳೂರಿಗೆ ತಿರುಗಿ ತಿರುಗಿ ಸಾಕಾಗ್ತದೆ.

ಕರಿಕೋಟು
ಬೆಂಗಳೂರಿಗೆ ಬರಬೇಕಿಲ್ಲ. ಸೆಕ್ಷನ್ 62 ಪ್ರಕಾರ ತಾವು ವಾಸ ಮಾಡೋ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ಉಲ್ಲಂಘನೆಯಾದ ದಿನದಿಂದ 3 ವರ್ಷದೊಳಗೆ ಹೂಡಬೇಕು. ಗೈಡ್‌ನ ಪಿಡಿಎಫ್ ಯಾವುದಾದರೂ ಜಾಲತಾಣದಲ್ಲಿದ್ದರೆ ಅವರಿಗೆ ಲಿಖಿತ ದೂರು ಕೊಡಿ, 36 ಗಂಟೆಯೊಳಗೆ ತಡೆಹಿಡೀಬೇಕು. ಆದರೆ 21 ದಿನದಲ್ಲಿ ಕೋರ್ಟಿನ ಆದೇಶ ತರದಿದ್ದರೆ ಅವರು ಮತ್ತೆ ಹಾಕಬಹುದು.

ಸೆಕ್ಷನ್ 63ರಡಿ ಪೊಲೀಸ್ ದೂರೂ ಸಾಧ್ಯ, 6 ತಿಂಗಳಿಂದ 3 ವರ್ಷ ಶಿಕ್ಷೆ, 50 ಸಾವಿರದಿಂದ 2 ಲಕ್ಷ ದಂಡ. ಪೊಲೀಸರು ನೇರವಾಗಿ ಬಂಧಿಸಬಹುದಾದ ಅಪರಾಧ ಅಂತ 2022ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಆದರೂ ಒಡೆತನದ ಗೊಂದಲ ಇರುವಾಗ ನಾನು ಅದನ್ನು ಮೊದಲು ಹಿಡಿಯಲ್ಲ. ಮೊದಲು ಆ ಸಂಸ್ಥೆಯವರಿಂದ "ನಾವು ಯಾರಿಗೂ ಅನುಮತಿ ಕೊಟ್ಟಿಲ್ಲ, ಚಿತ್ರದ ಹಕ್ಕು ಕಲಾವಿದೆಯದ್ದೇ" ಅಂತ ಒಂದು ಪತ್ರ ತರಿಸಿ. ಆಮೇಲೆ ನೋಟಿಸ್. ಚಿತ್ರಗಳನ್ನು ನೋಂದಣಿಯೂ ಮಾಡಿಸಿಬಿಡಿ, ಒಂದಕ್ಕೆ 500 ರೂಪಾಯಿ ಶುಲ್ಕ. ಕಡ್ಡಾಯ ಅಲ್ಲ, ಸಾಕ್ಷ್ಯಕ್ಕೆ ಅನುಕೂಲ.

ಗೆರೆಚುಕ್ಕಿ
ಸಂಸ್ಥೆಯವರ ಜೊತೆ ಮಾತಾಡಿದೆ. ಅವರು ಯಾರಿಗೂ ಅನುಮತಿ ಕೊಟ್ಟಿಲ್ಲವಂತೆ, ಪತ್ರ ಕೊಡಲು ಒಪ್ಪಿದ್ದಾರೆ. ಪ್ರಕಾಶನದವರು ಈಗ "ಮುಂದಿನ ಮುದ್ರಣದಲ್ಲಿ ನಿಮ್ಮ ಹೆಸರು ಹಾಕ್ತೀವಿ, ಇಲ್ಲಿಗೆ ಬಿಡಿ" ಅಂತಿದ್ದಾರೆ.

ಹಳೇಸೇತುವೆ
ಬಿಡಬೇಡಿ.

ಕ್ಯಾಮರಾಕಣ್ಣು
ಹೆಸರು ಹಾಕೋದು ಅವರ ಉಪಕಾರ ಅಲ್ಲ. ಹೆಸರು ಬೇರೆ, ಅನುಮತಿ ಬೇರೆ, ಸಂಭಾವನೆ ಬೇರೆ. ಮೂರನ್ನೂ ಕೇಳಿ. ಈಗಾಗಲೇ ಮಾರಿದ ಪ್ರತಿಗಳ ಲೆಕ್ಕವನ್ನೂ ಕೇಳಿ.

ಧಾರವಾಡ್‌ಮಾಸ್ತರ
ಇದಕ್ಕ ನಾನೂ ಹೂಂ ಅಂತೀನ್ರಿ ಅಕ್ಕಾರ. ರೊಕ್ಕ ಇಸ್ಕೊಳ್ರಿ, ಚಿತ್ರ ಮಾತ್ರ ತಗಸಬ್ಯಾಡ್ರಿ. ಕೆಳಗ ನಿಮ್ಮ ಹೆಸರು ಇರಲಿ, ಕಪ್ಪಿ ಹೆಸರೂ ಕನ್ನಡದಾಗ ಇರಲಿ. ಹಂಗ, ನಮ್ಮ ಸಾಲಿ ಗ್ವಾಡಿಗೆ ಕಡಲ ಜೀವಿಗಳ ಚಿತ್ರ ಹಾಕಬೇಕಂತ ಮಾಡೇವಿ. ಜರ್ಮನಿಯ ಜೀವವಿಜ್ಞಾನಿ ಅರ್ನ್‌ಸ್ಟ್ ಹೆಕೆಲ್ ಅವರ ಚಿತ್ರ ಬಳಸಿದ್ರ ಯಾರರ ನೋಟಿಸ್ ಕಳಸ್ತಾರೇನ್ರಿ?

ಪಿಎಚ್‌ಡಿಪಯಣ
ಧೈರ್ಯವಾಗಿ ಹಾಕಿ ಸರ್. ಹೆಕೆಲ್ ತೀರಿಕೊಂಡಿದ್ದು 1919ರಲ್ಲಿ, ಹಕ್ಕು ಯಾವತ್ತೋ ಮುಗಿದಿದೆ. ಹಳೇ ಪುಸ್ತಕದ ಪುಟಗಳನ್ನೇ ನೇರವಾಗಿ ಸ್ಕ್ಯಾನ್ ಮಾಡಿದ್ದು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಅನ್ನೋ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತೆ, ಅದನ್ನ ತಗೊಳ್ಳಿ. ಈಗಿನವರು ಹೊಸದಾಗಿ ಬಣ್ಣ ಹಚ್ಚಿ, ಬೇರೆ ಥರ ಜೋಡಿಸಿ ಮಾರೋ ಪೋಸ್ಟರ್‌ಗಳನ್ನ ಮಾತ್ರ ಎತ್ತಬೇಡಿ, ಅದರಲ್ಲಿ ಅವರ ಕೆಲಸ ಇರುತ್ತೆ. ಪ್ರಾಣಿಗಳ ನೆರಳುಚಿತ್ರ ಬೇಕಾದರೆ ಫೈಲೋಪಿಕ್ ಜಾಲತಾಣ ನೋಡಿ, ಪ್ರತಿ ಚಿತ್ರದ ಕೆಳಗೆ ಯಾವ ಷರತ್ತು ಅಂತ ಬರೆದಿರುತ್ತೆ, ಓದಿಕೊಂಡು ಬಳಸಿ.

ನೀಲಕುರಿಂಜಿ
ಮಾಸ್ತರ್ರೇ, ಗೋಡೆಗೆ ನಮ್ಮ ಕಡಲಿನದ್ದೇ ಬೇಕು ಅಂದ್ರೆ ನನಗೆ ಮೆಸೇಜ್ ಮಾಡಿ. ರಜೆಯಲ್ಲಿ ಬಂದು ಮಕ್ಕಳ ಜೊತೆ ಕೂತು ಬಿಡಿಸಿಕೊಡ್ತೀನಿ. ಊಟ, ವಸತಿ, ಬಣ್ಣದ ಖರ್ಚು ನಿಮ್ಮದು. ಹಕ್ಕು ಯಾರದ್ದು ಅಂತ ಮೊದಲೇ ಒಂದು ಹಾಳೆ ಮೇಲೆ ಬರೆದು ಇಬ್ಬರೂ ಸಹಿ ಹಾಕೋಣ.